ಮೊದಲು ದಿಬ್ಬ, ಆಮೇಲೆ ಅರಮನೆ: 1955ರ ಡಿಸ್ನಿಲ್ಯಾಂಡನ್ನು ಪ್ಲೈವುಡ್ ಮೇಲೆ ಕಟ್ಟಿದ ಅನುಭವ

ನನ್ನ ಕಸುಬು ಮಾಡೆಲ್ ಮಾಡುವುದು. ಅಪಾರ್ಟ್‌ಮೆಂಟ್ ಮಾರುವ ಆಫೀಸುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಕಟ್ಟಡ, ನೀಲಿ ಈಜುಕೊಳ, ಸ್ಪಂಜಿನ ಮರಗಳು ಇರುತ್ತವಲ್ಲ, ಅದೇ. ಅದಕ್ಕೂ ಮೊದಲು ಕೆಲವು ವರ್ಷ ಸಿನಿಮಾ ಸೆಟ್ ಹಾಕುವ ತಂಡದಲ್ಲಿದ್ದೆ. ಪ್ಲೈವುಡ್ಡು, ರೀಪರು, ಪಿಓಪಿ ಇಟ್ಟುಕೊಂಡು ವಾರದೊಳಗೆ ಒಂದು ಬೀದಿ ಎಬ್ಬಿಸಿ, ಶೂಟಿಂಗ್ ಮುಗಿದ ಮೇಲೆ ಒಂದೇ ದಿನದಲ್ಲಿ ಕೆಡವುವ ಕೆಲಸ. ಈ ಎರಡನ್ನೂ ಮಾಡಿದವನಿಗೆ ಅಮೆರಿಕದ ಮನರಂಜನಾ ಪಾರ್ಕ್ ಡಿಸ್ನಿಲ್ಯಾಂಡ್ ಕಟ್ಟಿದ ಕಥೆ ಸ್ವಲ್ಪ ಬೇರೆ ಥರ ಕಾಣುತ್ತದೆ.

ಬಿಲ್ಡರ್‌ಗಳಿಂದ ಆರ್ಡರ್ ಕಡಿಮೆಯಿದ್ದ ಒಂದು ಮಳೆಗಾಲದಲ್ಲಿ ಈ ಮಾಡೆಲ್‌ಗೆ ಕೈಹಾಕಿದೆ. ಯಾರೂ ಕೇಳಿರಲಿಲ್ಲ, ಸುಮ್ನೆ ನನ್ನ ಖುಷಿಗೆ. ಈಗಿರುವ ಪಾರ್ಕ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. 1955ರ ಜುಲೈ 17ರಂದು, ಬಾಗಿಲು ತೆರೆದ ದಿನ ಅದು ಹೇಗಿತ್ತೋ ಹಾಗೇ ಮಾಡಬೇಕು. ಅರ್ಧಂಬರ್ಧ ಆಗಿದ್ದರೆ ಅದೂ ಹಾಗೇ ಇರಲಿ. 1954ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನ ಆ ಜಾಗ ಕಿತ್ತಳೆ ಮತ್ತು ಅಕ್ರೋಟು ತೋಟ. ಮುಂದಿನ ಜುಲೈಯಲ್ಲಿ ಅಲ್ಲಿ ರೈಲು, ಹಡಗು, ಅರಮನೆ, ಜನಜಂಗುಳಿ. ಸುಮಾರು ಒಂದು ವರ್ಷದ ಕೆಲಸ. ಸೆಟ್ ಹಾಕಿದವರಿಗೆ ಆ ಗಡಿಬಿಡಿ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಳತೆ ಹಿಡಿಯುವುದೇ ಮೊದಲ ತಲೆನೋವು. ನನ್ನ ಕೈಯಲ್ಲಿ ಇಂಜಿನಿಯರಿಂಗ್ ನಕ್ಷೆ ಇರಲಿಲ್ಲ. ಇದ್ದದ್ದು ವಿಮಾನದಿಂದ ತೆಗೆದ ಹಳೆಯ ಫೋಟೋಗಳು, 1958ರಲ್ಲಿ ಸ್ಯಾಮ್ ಮೆಕ್‌ಕಿಮ್ ಬಿಡಿಸಿದ ಬಣ್ಣದ ನಕ್ಷೆ, ಆವತ್ತಿನ ಟೀವಿ ನೇರಪ್ರಸಾರದ ದಾಖಲೆ. ನಕ್ಷೆ ನೋಡಲು ಚೆಂದ, ಆದರೆ ಅದು ಅಳತೆಗಾಗಿ ಬಿಡಿಸಿದ್ದಲ್ಲ. ಹಾಗಾಗಿ ಫೋಟೋದಿಂದಲೇ ಲೆಕ್ಕ ಹಾಕಿದೆ. ಪಾರ್ಕಿನೊಳಗಿನ ನದಿಯಲ್ಲಿ ಓಡುವ ಮಾರ್ಕ್ ಟ್ವೇನ್ ಅನ್ನುವ ಉಗಿ ಹಡಗಿನ ಉದ್ದ 105 ಅಡಿ. ವಿಮಾನದ ಫೋಟೋದಲ್ಲಿ ಹಡಗು ಕಾಣುತ್ತದೆ. ಹಡಗು ಎಷ್ಟು ಮಿಲಿಮೀಟರ್ ಬರುತ್ತೆ ನೋಡಿದರೆ ನದಿ ಎಷ್ಟಗಲ, ದ್ವೀಪ ಎಷ್ಟುದ್ದ, ದಾರಿ ಎಷ್ಟು ಅಂತ ಒಂದೊಂದಾಗಿ ಸಿಗುತ್ತಾ ಹೋಗುತ್ತದೆ. ಫೋಟೋ ಓರೆಯಾಗಿ ತೆಗೆದದ್ದಾದರೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಅದನ್ನು ಕಂಪ್ಯೂಟರ್‌ನಲ್ಲಿ ಎಳೆದು ಸಮ ಮಾಡಿಕೊಳ್ಳಬೇಕು. ಹಳೆಯ ಸರ್ವೆ ನಕ್ಷೆಗಳ ಜೊತೆ ಗುದ್ದಾಡಿದವರಿಗೆ ಇದು ಹೊಸದಲ್ಲ.

ಸ್ಕೇಲ್ 1:300 ಅಂತ ಇಟ್ಟುಕೊಂಡೆ, ಅಂದರೆ ಅಲ್ಲಿಯ 300 ಅಡಿ ಇಲ್ಲಿ ಒಂದು ಅಡಿ. ಸುತ್ತಲಿನ ಮಣ್ಣಿನ ದಿಬ್ಬದ ಒಳಗಿನ ಪಾರ್ಕ್ ಸುಮಾರು 60 ಎಕರೆ. ಈ ಸ್ಕೇಲ್‌ನಲ್ಲಿ ಐದೂವರೆ ಅಡಿ ಚೌಕದೊಳಗೆ ಕೂರುತ್ತದೆ. 8x4ರ ಎರಡು ಪ್ಲೈವುಡ್ ಹಾಳೆ ಸಾಕು. ವರ್ಕ್‌ಶಾಪಿನ ಬಾಗಿಲಲ್ಲಿ ಹೋಗಬೇಕಲ್ಲ, ಅದಕ್ಕೆ ಎರಡು ಭಾಗ ಮಾಡಿದೆ. ಸೇರುವ ಗೆರೆ ನದಿಯ ಮೇಲೆ ಬಾರದ ಹಾಗೆ ಅರಮನೆಯ ಕೆಳಗೆ ಹಾಯಿಸಿದೆ. ಅರಮನೆ ಎತ್ತಿಟ್ಟರೆ ಎರಡೂ ಭಾಗ ಬಿಚ್ಚಿಕೊಳ್ಳುತ್ತದೆ.

ನಮ್ಮ ವರ್ಕ್‌ಶಾಪಿನ ಹುಡುಗ ಅರಮನೆಯಿಂದಲೇ ಶುರು ಮಾಡೋಣ ಅಂತಿದ್ದ. ನಾನು ದಿಬ್ಬದಿಂದ ಶುರು ಮಾಡಿಸಿದೆ.

ದಿಬ್ಬ ಅಂದರೆ ಪಾರ್ಕಿನ ಸುತ್ತ ಎಬ್ಬಿಸಿದ ಮಣ್ಣಿನ ಏರಿ. ಎತ್ತರ ಸರಾಸರಿ 15 ಅಡಿ ಅಂತ ಹಿಡಿಯಬಹುದು. ನದಿ ತೋಡಿದಾಗ ಬಂದ ಮಣ್ಣನ್ನೇ ಸುತ್ತ ಸುರಿದು, ಮೇಲೆ ಗಿಡ ನೆಟ್ಟು, ರೈಲು ಹಳಿ ಹಾಯಿಸಿದರು. ನನ್ನ ಸ್ಕೇಲ್‌ನಲ್ಲಿ ಅದು ಒಂದೂವರೆ ಸೆಂಟಿಮೀಟರ್. 5 ಎಂಎಂ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೂರು ಪದರ ಅಂಟಿಸಿ, ಅಂಚಿಗೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ಮೆತ್ತಿದೆ. ಒಣಗಿದ ಮೇಲೆ ನೋಡಿದರೆ ಆಕಾರ ಹೆಚ್ಚುಕಡಿಮೆ ತ್ರಿಕೋನ. ಒಳಗೆ ಬರಲು ಒಂದೇ ಕಡೆ ದಾರಿ. ಅದೂ ರೈಲ್ವೆ ಸ್ಟೇಷನ್ನಿನ ಕೆಳಗಿನ ಎರಡು ಚಿಕ್ಕ ಸುರಂಗದ ಮೂಲಕ.

ಪಾರ್ಕಿನೊಳಗೆ ಬಂದವರಿಗೆ ಹೊರಗಿನ ಊರು ಕಾಣಬಾರದು ಅನ್ನುವುದು ಪಾರ್ಕ್ ಕಟ್ಟಿಸಿದ ಕಾರ್ಟೂನ್ ಸಿನಿಮಾಗಳ ವಾಲ್ಟ್ ಡಿಸ್ನಿಯ ಹಟ. ಲೈಟುಕಂಬ, ರಸ್ತೆ, ಪಕ್ಕದ ತೋಟ ಯಾವುದೂ ಕಣ್ಣಿಗೆ ಬೀಳಬಾರದು. ಇದನ್ನು ಓದಿದಾಗ ನನಗೆ ನಗು ಬಂತು. ನನ್ನ ಬಿಲ್ಡರ್ ಗಿರಾಕಿಗಳು ಮೊದಲ ಮೀಟಿಂಗಿನಲ್ಲೇ ಹೇಳುವ ಮಾತು ಅದೇ: "ಪಕ್ಕದ ರಾಜಕಾಲುವೆ ತೋರಿಸಬೇಡಿ, ಆ ಶೆಡ್ಡುಗಳೂ ಬೇಡ, ಅಲ್ಲೆಲ್ಲ ಹಸಿರು ಹಾಕಿಬಿಡಿ." ಅವರು ಮಾಡೆಲ್‌ನಲ್ಲಿ ಮಾತ್ರ ಮುಚ್ಚುತ್ತಾರೆ. ಡಿಸ್ನಿ ನಿಜವಾಗಿಯೇ ಮಣ್ಣು ಸುರಿದು ಮುಚ್ಚಿದ. ಅಕ್ಕನ ಮಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದಾನೆ. ಅಲ್ಲಿಂದ ಅನಾಹೈಮ್ ಹತ್ತಿರ. ನನಗೆ ಬೇಕಾದ ಫೋಟೋಗಳನ್ನೆಲ್ಲ ತೆಗೆದು ಕಳಿಸಿದವನು ಅವನೇ. ದಿಬ್ಬದ ಫೋಟೋ ಬೇಕು ಅಂದಾಗ ಫೋನ್ ಮಾಡಿ, "ಮಾಮ, ಎಲ್ಲಿದೆ ಅದು? ಎಷ್ಟು ಸಲ ಬಂದಿದೀನಿ, ಒಂದು ಸಲಾನೂ ನೋಡಿಲ್ಲ" ಅಂದ. ಅವನಿಗೆ ಕಾಣಿಸದ್ದು ಸರಿಯೇ. ಅವನು ಮರಗಳನ್ನು ನೋಡಿದ್ದ, ಮರದ ಕೆಳಗಿನ ಏರಿಯನ್ನಲ್ಲ.

ರೈಲು ಬೇರೆಯದೇ ಕಥೆ. ವಾಲ್ಟ್ ತನ್ನ ಮನೆಯ ಹಿತ್ತಲಲ್ಲೇ ಎಂಟರಲ್ಲೊಂದು ಅಳತೆಯ ಉಗಿಬಂಡಿ ಓಡಿಸುತ್ತಿದ್ದವನು. ಅದರ ಹಿಂದೆ ಸ್ಟುಡಿಯೋದ ಮೆಷಿನ್ ಶಾಪಿನ ರೋಜರ್ ಬ್ರಾಗಿ ಇದ್ದ. ಪಾರ್ಕಿನ ಮೊದಲ ಎರಡು ಎಂಜಿನ್‌ಗಳನ್ನು ಕಟ್ಟಿಸಿದ್ದೂ ಅವನ ತಂಡವೇ. ಹಳಿಗಳ ನಡುವೆ 3 ಅಡಿ. ಸುತ್ತು ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ. ನನ್ನ ಮಾಡೆಲ್‌ನಲ್ಲಿ ಆರು ಮೀಟರ್ ಹತ್ತಿರ ಬಂತು, ಹಳಿಯ ಅಗಲ 3 ಮಿಲಿಮೀಟರ್. ಅಷ್ಟು ಸಣ್ಣದಕ್ಕೆ ರೆಡಿಮೇಡ್ ಹಳಿ ಎಲ್ಲಿ ಸಿಗಬೇಕು? ಬೆಂಗಳೂರಿನ ಎಸ್.ಪಿ. ರೋಡಿನಿಂದ ತೆಳು ತಾಮ್ರದ ತಂತಿ ತಂದು, ಎಳೆದು ನೇರ ಮಾಡಿ, ಎರಡೆಳೆ ಅಂಟಿಸಿದೆ.

ಅನಾಹೈಮೇ ಯಾಕೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ವಾಲ್ಟ್ ಮೊದಲು ಬರ್ಬ್ಯಾಂಕ್‌ನಲ್ಲಿ ಸ್ಟುಡಿಯೋ ಪಕ್ಕದಲ್ಲೇ ಚಿಕ್ಕ ಪಾರ್ಕ್ ಮಾಡಬೇಕೆಂದಿದ್ದ. ಆ ಊರಿನ ಕೌನ್ಸಿಲ್ ಒಪ್ಪಲಿಲ್ಲ. 1953ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಕೆಲಸ ಒಪ್ಪಿಸಿದ. ಅಲ್ಲಿನ ಹ್ಯಾರಿಸನ್ ಪ್ರೈಸ್, ಎಲ್ಲರೂ ಬಜ್ ಪ್ರೈಸ್ ಅಂತಿದ್ದರು, ಲಾಸ್ ಏಂಜಲೀಸ್ ಸುತ್ತಮುತ್ತ ಜನ ಯಾವ ಕಡೆ ಹೋಗಿ ನೆಲೆಸುತ್ತಿದ್ದಾರೆ, ಮಳೆ ಎಷ್ಟು, ಹೊಗೆಮಂಜು ಎಲ್ಲಿ ಕಡಿಮೆ, ಜಮೀನಿನ ಬೆಲೆ ಎಷ್ಟು ಎಲ್ಲ ಕೂಡಿಸಿ ಕಳೆದು ಹಾರ್ಬರ್ ಬುಲೆವಾರ್ಡ್ ಪಕ್ಕದ ತೋಟಗಳ ಹತ್ತಿರ ಬೆರಳಿಟ್ಟ. ಸಾಂಟಾ ಆನಾ ಫ್ರೀವೇ ಆಗ ಆ ಕಡೆಗೇ ಬರುತ್ತಿತ್ತು. ಒಟ್ಟು 160 ಎಕರೆ ಕೊಂಡರು. ಹೈವೇ ಬರುವ ಸುದ್ದಿ ಹಿಡಿದು ಜಮೀನು ಹುಡುಕುವ ಕೆಲಸ ನಮ್ಮ ದೇವನಹಳ್ಳಿ ಕಡೆಯವರಿಗೂ ಗೊತ್ತು. ಆದರೆ ಮಳೆಯ ಲೆಕ್ಕದವರೆಗೆ ಹೋದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಜಾಗ ಸಿಕ್ಕಿತು, ದುಡ್ಡು? ಅಣ್ಣ ರಾಯ್ ಡಿಸ್ನಿಗೆ ಈ ಯೋಚನೆಯಲ್ಲಿ ಮೊದಲು ಅಷ್ಟು ನಂಬಿಕೆ ಇರಲಿಲ್ಲ. ವಾಲ್ಟ್ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿದ, ಪಾಮ್ ಸ್ಪ್ರಿಂಗ್ಸ್‌ನ ಮನೆ ಮಾರಿದ, 1952ರ ಡಿಸೆಂಬರ್‌ನಲ್ಲಿ ತನ್ನದೇ ಬೇರೆ ಕಂಪನಿ ಮಾಡಿಕೊಂಡ. ಡಬ್ಲ್ಯೂಇಡಿ ಅಂತ ಅದರ ಹೆಸರು, ಅವನ ಹೆಸರಿನ ಮೂರು ಮೊದಲಕ್ಷರ. ಕೊನೆಗೆ ರಾಯ್ ನ್ಯೂಯಾರ್ಕಿಗೆ ಹೋಗಿ ಟೀವಿ ಕಂಪನಿಗಳ ಹತ್ತಿರ ದುಡ್ಡು ಕೇಳುವುದೆಂದು ನಿಗದಿಯಾಯಿತು. ಕೈಯಲ್ಲಿ ಹಿಡಿದು ತೋರಿಸಲು ಏನೂ ಇಲ್ಲ! 1953ರ ಸೆಪ್ಟೆಂಬರ್ 26, ಶನಿವಾರ. ವಾಲ್ಟ್ ಹರ್ಬ್ ರೈಮನ್ ಅನ್ನುವ ಕಲಾವಿದನಿಗೆ ಫೋನ್ ಮಾಡಿ ಕರೆಸಿ, ಸೋಮವಾರ ಹೊತ್ತಿಗೆ ಇಡೀ ಪಾರ್ಕಿನ ಚಿತ್ರ ಬೇಕು ಅಂದ. ರೈಮನ್ ಮೊದಲು ಆಗಲ್ಲ ಅಂದ. ಆಮೇಲೆ, ನೀವು ಪಕ್ಕದಲ್ಲೇ ಕೂತರೆ ಮಾಡುತ್ತೇನೆ ಅಂತ ಒಪ್ಪಿಕೊಂಡ. ಶನಿವಾರ, ಭಾನುವಾರ ವಾಲ್ಟ್ ಹೇಳುತ್ತಾ ಹೋದ, ಇವನು ಬಿಡಿಸುತ್ತಾ ಹೋದ. ಆ ಒಂದು ಹಾಳೆಯನ್ನು ಹಿಡಿದೇ ರಾಯ್ ಹೊರಟಿದ್ದು.

"ಸೋಮವಾರ ಬೇಕು" ಅನ್ನುವ ಫೋನು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಬಂದಿರುತ್ತದೆ. ಫೋನ್ ಮಾಡಿದವನು ಎರಡು ದಿನ ಪಕ್ಕದಲ್ಲೇ ಕೂತಿದ್ದು ಮಾತ್ರ ನಾನು ಕೇಳಿದ್ದು ಇದೊಂದೇ.

ಎಬಿಸಿ ಟೀವಿ ಒಪ್ಪಿಕೊಂಡಿತು. 5 ಲಕ್ಷ ಡಾಲರ್ ಹಾಕಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಬದಲಿಗೆ ಪಾರ್ಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು, ಜೊತೆಗೆ ಪ್ರತಿ ವಾರ ಒಂದು ಟೀವಿ ಕಾರ್ಯಕ್ರಮ. ಅದು 1954ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರ ಹೆಸರೂ ಡಿಸ್ನಿಲ್ಯಾಂಡೇ. ಅಂದರೆ ಇನ್ನೂ ಮಣ್ಣು ತೋಡುತ್ತಿದ್ದ ಪಾರ್ಕಿಗೆ ಮನೆಮನೆಯಲ್ಲೂ ಪ್ರಚಾರ, ಅದೂ ಟೀವಿಯವರ ದುಡ್ಡಿನಲ್ಲಿ! 1960ರಲ್ಲಿ ಆ ಪಾಲನ್ನು 75 ಲಕ್ಷ ಡಾಲರ್ ಕೊಟ್ಟು ವಾಪಸ್ ಕೊಂಡರು. ಪಾರ್ಕ್ ಏಳುವ ಹೊತ್ತಿಗೆ ಆದ ಒಟ್ಟು ಖರ್ಚು 1 ಕೋಟಿ 70 ಲಕ್ಷ ಡಾಲರ್. ಆಗ ಡಾಲರ್‌ಗೆ ಸುಮಾರು ನಾಲ್ಕೂ ಮುಕ್ಕಾಲು ರೂಪಾಯಿ. ಎಂಟು ಕೋಟಿ ರೂಪಾಯಿ ಅನ್ನಿ. ಅದೇ ಹೊತ್ತಿಗೆ ಬೆಂಗಳೂರಲ್ಲಿ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ ಏಳುತ್ತಿತ್ತು. ಅದು ಎರಡು ಕೋಟಿಯೊಳಗೆ ಮುಗಿದಿತ್ತು. ಒಂದು ಕಲ್ಲಿನ ಕಟ್ಟಡ, ಇನ್ನೊಂದು ಬಹುಪಾಲು ಗಾರೆ, ಹಲಗೆ, ಬಣ್ಣ. ಎರಡೂ ಇವತ್ತಿಗೂ ನಿಂತಿವೆ, ಎರಡರ ಮುಂದೆಯೂ ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಇದನ್ನು ಕಟ್ಟಿದವರು ಯಾರು? ಮೊದಲು ಒಂದು ದೊಡ್ಡ ಆರ್ಕಿಟೆಕ್ಟ್ ಕಂಪನಿಯ ಹತ್ತಿರ ಪ್ಲ್ಯಾನ್ ಮಾಡಿಸಿದ್ದರು. ಹೊಂದಲಿಲ್ಲ. ವಾಲ್ಟ್‌ನ ಸ್ನೇಹಿತ, ಹೆಸರಾಂತ ಆರ್ಕಿಟೆಕ್ಟ್ ವೆಲ್ಟನ್ ಬೆಕೆಟ್, ಇದು ನಮ್ಮಂಥವರಿಂದ ಆಗುವ ಕೆಲಸವಲ್ಲ, ನಿನ್ನ ಜನರಿಂದಲೇ ಮಾಡಿಸು ಅಂದನಂತೆ. ಹಾಗೆ ಬಂದವರೆಲ್ಲ ಸಿನಿಮಾದವರು. ಮಾರ್ವಿನ್ ಡೇವಿಸ್, ರಿಚರ್ಡ್ ಅರ್ವೈನ್, ಹಾರ್ಪರ್ ಗಾಫ್, ಎಲ್ಲರೂ ಸೆಟ್ ಬಿಡಿಸಿ ಪಳಗಿದವರು. ಒಂದು ಬಾಗಿಲು, ಒಂದು ಬೀದಿ, ಬೀದಿಯ ಕೊನೆಗೆ ಒಂದು ವೃತ್ತ, ಅಲ್ಲಿಂದ ನಾಲ್ಕು ಕಡೆಗೆ ನಾಲ್ಕು ಲೋಕ ಅನ್ನುವ ಪ್ಲ್ಯಾನನ್ನು ಡೇವಿಸ್ ಮತ್ತೆ ಮತ್ತೆ ಬಿಡಿಸಿದ. ಕ್ಯಾಮೆರಾ ಎಲ್ಲಿ ನಿಲ್ಲುತ್ತೆ, ಅಲ್ಲಿಂದ ಏನು ಕಾಣುತ್ತೆ ಅಂತ ಯೋಚಿಸುವವರ ಪ್ಲ್ಯಾನ್ ಅದು. ಇಲ್ಲಿ ಕ್ಯಾಮೆರಾ ಅಂದರೆ ನಡೆದು ಬರುವ ಮನುಷ್ಯ. ಅಷ್ಟೇ ವ್ಯತ್ಯಾಸ.

ಮಾಡೆಲ್ ಶಾಪಿನಲ್ಲಿ ಫ್ರೆಡ್ ಜೋರ್ಗರ್, ಹ್ಯಾರಿಯೆಟ್ ಬರ್ನ್ಸ್, ವಾಥೆಲ್ ರಾಜರ್ಸ್ ಇದ್ದರು. ಕಟ್ಟುವ ಮೊದಲು ಎಲ್ಲವನ್ನೂ ಮಾಡೆಲ್ ಮಾಡಿ, ಕಣ್ಣಿನ ಮಟ್ಟಕ್ಕೆ ಇಟ್ಟು ನೋಡುತ್ತಿದ್ದರು. ನಮ್ಮಲ್ಲಿ ಮಾಡೆಲ್ ಬರುವುದು ಎಲ್ಲ ತೀರ್ಮಾನ ಆದ ಮೇಲೆ, ಮಾರುವುದಕ್ಕೆ. ಅಲ್ಲಿ ತೀರ್ಮಾನ ಮಾಡುವುದಕ್ಕೇ ಮಾಡೆಲ್. ಅರಮನೆಯ ಕಥೆಯೇ ನೋಡಿ. ಮೊದಲ ಮಾಡೆಲ್ ಜರ್ಮನಿಯ ಬವೇರಿಯಾದಲ್ಲಿರುವ ನಾಯ್‌ಶ್ವಾನ್‌ಸ್ಟೈನ್ ಅರಮನೆಯನ್ನೇ ತೀರಾ ಹೋಲುತ್ತಿತ್ತು. ರೈಮನ್‌ಗೆ ಅದು ಹಿಡಿಸಲಿಲ್ಲ. ಮಾಡೆಲ್‌ನ ಮೇಲಿನ ಭಾಗ ಬಿಚ್ಚಿಕೊಳ್ಳುವ ಹಾಗಿತ್ತು. ಅದನ್ನು ಎತ್ತಿ, ಹಿಂದುಮುಂದು ಮಾಡಿ ಕೂರಿಸಿದ. ಜೊತೆಯವರಿಗೆ ಗಾಬರಿ, ಯಜಮಾನ ಬರುವ ಹೊತ್ತಾಯಿತು, ಮೊದಲಿನ ಹಾಗೆ ಇಡು ಅಂತ. ಅಷ್ಟರಲ್ಲಿ ವಾಲ್ಟ್ ಬಂದೇಬಿಟ್ಟ. ನೋಡಿದ. ಇದೇ ಚೆನ್ನಾಗಿದೆ ಅಂದ. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಆ ಅರಮನೆಯ ಮುಂಭಾಗ ನಿಜಕ್ಕೂ ಅದರ ಬೆನ್ನು.

ಅರಮನೆಯ ಎತ್ತರ 77 ಅಡಿ. ಅಂದರೆ ನಮ್ಮ ಲೆಕ್ಕದಲ್ಲಿ ಏಳು ಮಹಡಿ. ಇಷ್ಟೇ ಎತ್ತರ ಅಂದರೆ ಫೋಟೋ ನೋಡಿದವರು ಯಾರೂ ನಂಬಲ್ಲ. 1:300ರಲ್ಲಿ ಎಂಟು ಸೆಂಟಿಮೀಟರ್ ಸಹ ಬರಲ್ಲ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಅದಕ್ಕೇ ಇನ್ನೊಂದು ದೊಡ್ಡದನ್ನೂ ಬೇರೆಯಾಗಿ ಮಾಡಿದೆ, 1:50ರಲ್ಲಿ, 47 ಸೆಂಟಿಮೀಟರ್. ನಿಜವಾದ ಅರಮನೆ ದೊಡ್ಡದಾಗಿ ಕಾಣುವ ಗುಟ್ಟು ಕಲ್ಲಿನಲ್ಲಿದೆ. ಬುಡದಲ್ಲಿ ಕಲ್ಲುಗಳು ದೊಡ್ಡವು, ಮೇಲೆ ಹೋಗ್ತಾ ಹೋಗ್ತಾ ಚಿಕ್ಕವು. ಕಣ್ಣು ಎಲ್ಲ ಕಲ್ಲೂ ಒಂದೇ ಅಳತೆ ಅಂದುಕೊಳ್ಳುತ್ತದೆ. ಚಿಕ್ಕದಾಗಿ ಕಂಡರೆ ಅದು ತುಂಬ ಮೇಲಿರಬೇಕು ಅಂದುಕೊಳ್ಳುತ್ತದೆ.

ನಾನು ಗೋಪುರಗಳಿಗೆ ಎಲೆಕ್ಟ್ರಿಕ್ ವೈರಿಂಗಿನ ಪಿವಿಸಿ ಪೈಪ್ ತುಂಡು ಬಳಸಿದೆ. ಮೇಲೆ ತೆಳ್ಳಗೆ ಪುಟ್ಟಿ ಬಳಿದು, ಅರೆ ಒಣಗಿದಾಗ ಮೊಳೆಯ ತುದಿಯಿಂದ ಕಲ್ಲಿನ ಗೆರೆ ಕೊರೆಯಬೇಕು. ತೀರಾ ಹಸಿಯಿದ್ದರೆ ಪುಟ್ಟಿ ಕಿತ್ತು ಬರುತ್ತದೆ, ಒಣಗಿದರೆ ಸಿಡಿಯುತ್ತದೆ. ಬುಡದ ಸಾಲಿಗೆ 6 ಮಿಲಿಮೀಟರ್, ನಡುವೆ 4, ತುದಿಯಲ್ಲಿ 2. ಹುಡುಗ ಸ್ವಲ್ಪ ಹೊತ್ತು ನೋಡಿ, "ಸಾರ್, ಮೇಲೆ ಹೋಗ್ತಾ ಚಿಕ್ಕದಾಗ್ತಿದೆ, ಲೈನ್ ತಪ್ತಲ್ವಾ?" ಅಂದ. ಮುಗಿದ ಮೇಲೆ ಅವನ ಫೋನನ್ನೇ ಇಸಿದುಕೊಂಡು, ತಲೆಕೆಳಗೆ ಹಿಡಿದು, ಲೆನ್ಸ್ ನೆಲಕ್ಕೆ ತಾಗುವ ಹಾಗೆ ಬುಡದಲ್ಲಿಟ್ಟು ಫೋಟೋ ತೆಗೆದೆ. ಮಾಡೆಲ್ ಫೋಟೋ ಯಾವಾಗಲೂ ಹೀಗೇ ತೆಗೆಯಬೇಕು, ಮೇಲಿಂದ ತೆಗೆದರೆ ಆಟಿಕೆ ಥರ ಬರುತ್ತದೆ. ಸ್ಕ್ರೀನ್ ನೋಡಿ ಹುಡುಗ ಮಾತಾಡಲಿಲ್ಲ. ಆಮೇಲಿನ ಗೋಪುರಗಳಿಗೆಲ್ಲ ಅವನೇ ಗೆರೆ ಹಾಕಿದ.

ಬಾಗಿಲಿಂದ ವೃತ್ತದವರೆಗಿನ ಬೀದಿ, ಮೇನ್ ಸ್ಟ್ರೀಟ್‌ನಲ್ಲೂ ಅದೇ ತಂತ್ರ. ಅಂಗಡಿಗಳ ಕೆಳಮಹಡಿ ಹೆಚ್ಚುಕಡಿಮೆ ಸರಿಯಾದ ಅಳತೆ, ಮೇಲಿನ ಮಹಡಿ ಕುಗ್ಗಿಸಿದ್ದು. ವಾಲ್ಟ್ ಹುಡುಗನಾಗಿದ್ದಾಗ ಇದ್ದ ಮಿಸೌರಿಯ ಮಾರ್ಸೆಲಿನ್ ಪಟ್ಟಣದ ನೆನಪು ಇದರ ಹಿಂದಿದೆ ಅನ್ನುತ್ತಾರೆ. ಹಾರ್ಪರ್ ಗಾಫ್ ತನ್ನೂರು ಫೋರ್ಟ್ ಕಾಲಿನ್ಸ್‌ನ ಕಟ್ಟಡಗಳನ್ನೂ ತಂದು ಸೇರಿಸಿದ. ಇನ್ನು ಅರಮನೆಯ ಒಳಗೆ ಏನಿತ್ತು ಗೊತ್ತಾ? ಏನೂ ಇರಲಿಲ್ಲ. ಖಾಲಿ. ಒಳಗೆ ಹೋಗಿ ನೋಡುವ ವ್ಯವಸ್ಥೆ ಬಂದಿದ್ದು 1957ರಲ್ಲಿ. ನನ್ನ 1955ರ ಅರಮನೆಯೂ ಖಾಲಿಯೇ. ಆ ಮಟ್ಟಿಗೆ ಕೆಲಸ ಉಳಿಯಿತು.

ಕಾಡಿಗೆ ಹೆಚ್ಚು ಹೊತ್ತು ಹಿಡಿಯಿತು. ಜಂಗಲ್ ಕ್ರೂಸ್ ಅನ್ನುವ ದೋಣಿ ಸವಾರಿಗೆ ಸುತ್ತ ದಟ್ಟ ಕಾಡು ಬೇಕಿತ್ತು. ಸಮಯ ಒಂದು ವರ್ಷ, ದುಡ್ಡು ಕಡಿಮೆ. ತೋಟದ ಕೆಲಸ ವಹಿಸಿಕೊಂಡಿದ್ದವರು ಬಿಲ್ ಎವಾನ್ಸ್ ಮತ್ತು ಅವನ ಸೋದರ ಜ್ಯಾಕ್. ಆಗ ಲಾಸ್ ಏಂಜಲೀಸ್ ಸುತ್ತ ಫ್ರೀವೇ ಹಾಕಲು ಮನೆ, ಮರ ಎಲ್ಲ ತೆಗೆಯುತ್ತಿದ್ದರು. ಬುಲ್ಡೋಜರ್ ಬರುವ ಮೊದಲೇ ಅಲ್ಲಿಗೆ ಹೋಗಿ, ದೊಡ್ಡ ಮರಗಳನ್ನು ಬೇರು ಸಮೇತ ಕೊಂಡು ತಂದರು. ಜಾಗದಲ್ಲಿ ಮೊದಲೇ ಇದ್ದ ಕಿತ್ತಳೆ ಮರಗಳನ್ನು ಕಿತ್ತು, ತಲೆಕೆಳಗಾಗಿ ನೆಟ್ಟರು. ಬೇರು ಮೇಲೆ, ರೆಂಬೆ ಮಣ್ಣೊಳಗೆ. ಬೇರಿನ ಸೊಟ್ಟಪಟ್ಟ ಆಕಾರ ಯಾವುದೋ ದೇಶದ ಕಾಡುಮರದ ಹಾಗೆ ಕಂಡಿತು.

ಇದನ್ನು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆಂದರೆ ನಾವು ಮಾಡೆಲ್‌ನಲ್ಲಿ ಒಣಗಿದ ಮರ ಮಾಡುವುದೇ ಹಾಗೆ. ಕಾಮಕಸ್ತೂರಿಯಂಥ ಸಣ್ಣ ಗಿಡ ಒಣಗಿದ ಮೇಲೆ ಕಿತ್ತು, ಮಣ್ಣು ಉದುರಿಸಿ, ತಲೆಕೆಳಗೆ ನಿಲ್ಲಿಸಿದರೆ ಬೇರುಗಳೇ ಕೊಂಬೆ. ತಂತಿಯಲ್ಲಿ ಎಷ್ಟು ತಿರುಚಿದರೂ ಆ ಆಕಾರ ಬರುವುದಿಲ್ಲ. ನನ್ನ ಕಾಡಿನ ಅರ್ಧ ಇಂಥ ಬೇರುಗಳೇ. ಮೇಲೆ ಹಸಿರು ಬಣ್ಣ ಹಾಕಿದ ಸ್ಪಂಜಿನ ಪುಡಿ ಉದುರಿಸಿದ್ದೇನೆ.

ಉಳಿಸಬೇಕಾದ ಮರಗಳಿಗೆ ಒಂದು ಬಣ್ಣದ ಪಟ್ಟಿ, ಕಡಿಯಬೇಕಾದವಕ್ಕೆ ಇನ್ನೊಂದು ಬಣ್ಣದ ಪಟ್ಟಿ ಕಟ್ಟಿದ್ದರು, ಬುಲ್ಡೋಜರಿನವನಿಗೆ ಬಣ್ಣಗುರುಡು, ಎಲ್ಲ ಉರುಳಿಸಿಬಿಟ್ಟ ಅನ್ನುವ ಒಂದು ಕಥೆಯೂ ಇದೆ. ಕಥೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಆದರೆ ಒಂದು ಮರ ಉಳಿದದ್ದು ಖಂಡಿತ. ಜಮೀನು ಮಾರಿದವರಲ್ಲಿ ಡೊಮಿಂಗೆಜ್ ಅನ್ನುವ ಕುಟುಂಬ ಒಂದು. ಅವರ ಮನೆ ಮುಂದೆ 1890ರ ದಶಕದಲ್ಲಿ ನೆಟ್ಟ ಒಂದು ಖರ್ಜೂರ ಜಾತಿಯ ಮರವಿತ್ತು. ಅದನ್ನು ಉಳಿಸಿಕೊಡಿ ಅಂತ ಕೇಳಿಕೊಂಡರು. ಉಳಿಸಿ, ಜಂಗಲ್ ಕ್ರೂಸ್ ಪಕ್ಕಕ್ಕೆ ಸಾಗಿಸಿದರು. ಆ ಮನೆಯ ಮಗ ರಾನ್ ಡೊಮಿಂಗೆಜ್ ತೆರೆದ ಸಮಯದಲ್ಲೇ ಪಾರ್ಕಿನಲ್ಲಿ ಟಿಕೆಟ್ ಇಸಿದುಕೊಳ್ಳುವ ಕೆಲಸಕ್ಕೆ ಸೇರಿ, ಮುಂದೆ ಅಲ್ಲೇ ದೊಡ್ಡ ಅಧಿಕಾರಿಯಾದ. ಅಕ್ಕನ ಮಗನಿಗೆ ಹೇಳಿ ಆ ಮರದ ಫೋಟೋ ತರಿಸಿದೆ. ಮಾಡೆಲ್‌ನಲ್ಲಿ ಅದೊಂದಕ್ಕೆ ಮಾತ್ರ ಸ್ಪಂಜು ಇಲ್ಲ, ಗರಿ ಗರಿಯಾಗಿ ಕಾಗದ ಕತ್ತರಿಸಿ ಅಂಟಿಸಿದ್ದೇನೆ.

ನೀರು. ಕಟ್ಟುವ ಕೆಲಸದ ಉಸ್ತುವಾರಿ ಜೋ ಫೌಲರ್‌ನದು. ನೌಕಾಪಡೆಯಲ್ಲಿ ಅಡ್ಮಿರಲ್ ಆಗಿ ನಿವೃತ್ತನಾದವನು. ನದಿ ತೋಡಿ ನೀರು ಬಿಟ್ಟರೆ, ಮರಳು ಮಣ್ಣು, ನೀರೆಲ್ಲ ಇಂಗಿಹೋಯಿತು. ಆಮೇಲೆ ಜೇಡಿಮಣ್ಣು ತಂದು ತಳಕ್ಕೆ ಹಾಸಿದ ಮೇಲೇ ನೀರು ನಿಂತದ್ದು. ನಮ್ಮಲ್ಲಿ ಕೆರೆ ಕಟ್ಟಿದವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು! ಹಡಗು ರಿಪೇರಿಗೆ ಅಂತ ಫೌಲರ್ ಒಂದು ಕಟ್ಟೆ ತೋಡಿಸಿದ. ಖರ್ಚು ಕಂಡು ವಾಲ್ಟ್ ಗೊಣಗಿ ಅದನ್ನು ಜೋನ ಹಳ್ಳ ಅಂತ ಕರೆದ. ಈಗ ಅದರ ಹೆಸರು ಫೌಲರ್ಸ್ ಹಾರ್ಬರ್. ಮಾರ್ಕ್ ಟ್ವೇನ್ ಹಡಗಿನ ತಳ ತಯಾರಾದದ್ದು ಟಾಡ್ ಹಡಗುಕಟ್ಟೆಯಲ್ಲಿ, ಮೇಲಿನ ಅಂತಸ್ತುಗಳು ಬರ್ಬ್ಯಾಂಕ್ ಸ್ಟುಡಿಯೋದಲ್ಲಿ. ಸೇರಿದ್ದು ಪಾರ್ಕಿನಲ್ಲಿ. ತೆರೆಯುವುದಕ್ಕೆ ನಾಲ್ಕು ದಿನ ಮೊದಲು, ಜುಲೈ 13ರಂದು, ವಾಲ್ಟ್ ದಂಪತಿಯ ಮದುವೆಯಾಗಿ 30 ವರ್ಷ. ಪಾರ್ಟಿ ಆ ಹಡಗಿನಲ್ಲೇ. ಹಡಗು ನೋಡಿದರೆ ಮರದ ಹೊಟ್ಟು, ಕಸ. ವಾಲ್ಟ್‌ನ ಹೆಂಡತಿ ಲಿಲಿಯನ್ ಪೊರಕೆ ಹಿಡಿದು ಗುಡಿಸಿದಳು, ಅಡ್ಮಿರಲ್ ಸಾಹೇಬರೂ ಜೊತೆಗೆ ಗುಡಿಸಿದರು.

ಜಂಗಲ್ ಕ್ರೂಸ್‌ನ ನೀರು ಬೇಕಂತಲೇ ಕೊಳಕು ಬಣ್ಣ. ದೋಣಿ ಹೋಗುವುದು ನೀರೊಳಗಿನ ಹಳಿಯ ಮೇಲೆ. ನೀರು ತಿಳಿಯಾಗಿದ್ದರೆ ಹಳಿಯೂ ಕಾಣುತ್ತೆ, ಆಳ ಇಲ್ಲದ್ದೂ ಕಾಣುತ್ತೆ. ನಾವು ಮಾಡೆಲ್‌ನಲ್ಲಿ ನೀರಿನ ಬದಲು ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಸುರಿಯುತ್ತೇವೆ. ಸಾಮಾನ್ಯವಾಗಿ ನೀಲಿ ಹನಿ. ಗಿರಾಕಿಗೆ ನೀಲಿಯೇ ಬೇಕು. ಇಲ್ಲಿ ಕಾಫಿ ಬಣ್ಣಕ್ಕೆ ಒಂದಿಷ್ಟು ಹಸಿರು ಸೇರಿಸಿ, ತೆಳು ಪದರಗಳಾಗಿ ಸುರಿದೆ. ಒಂದೇ ಸಲ ದಪ್ಪಗೆ ಸುರಿದರೆ ರೆಸಿನ್ ಬಿಸಿಯಾಗಿ ಬಿರಿಯುತ್ತದೆ. ಒಂದು ಪದರ ಗಟ್ಟಿಯಾದ ಮೇಲೇ ಇನ್ನೊಂದು.

ಟುಮಾರೋಲ್ಯಾಂಡ್ ಅನ್ನುವ ಭಾಗ ನನಗೆ ಸುಲಭವಾಗಿ ಮುಗಿಯಿತು, ಯಾಕೆಂದರೆ ಅಲ್ಲಿ ಅವರೇ ಮುಗಿಸಿರಲಿಲ್ಲ. ಹೊತ್ತು, ದುಡ್ಡು ಎರಡೂ ಮುಗಿದಿತ್ತು. ಖಾಲಿ ಜಾಗ ಮುಚ್ಚಲು ಬಾವುಟ, ಬಲೂನು ಕಟ್ಟಿದರು. ಎದ್ದು ಕಾಣುತ್ತಿದ್ದದ್ದು 76 ಅಡಿಯ ಒಂದು ರಾಕೆಟ್, ಅರಮನೆಗಿಂತ ಒಂದೇ ಅಡಿ ಕಡಿಮೆ. ನಾನು ಬಾವುಟಗಳಿಗೆ ಸಿಗರೇಟ್ ಪ್ಯಾಕಿನ ಬಣ್ಣದ ಹಾಳೆ ಬಳಸಿದೆ. ಸೆಟ್ಟಿನಲ್ಲಿದ್ದಾಗ ನಾವೂ ಹೀಗೇ ಮಾಡುತ್ತಿದ್ದೆವು. ಗೋಡೆ ಮುಗಿಯದಿದ್ದರೆ ಅದರ ಮುಂದೆ ಒಂದು ತೋರಣ.

ತೆರೆದ ದಿನದ ಪಾಡು ಎಲ್ಲರೂ ಹೇಳುವಂಥದ್ದೇ, ಬೇಗ ಮುಗಿಸುತ್ತೇನೆ. ಕರೆದವರಿಗಿಂತ ಎಷ್ಟೋ ಜಾಸ್ತಿ ಜನ, 28 ಸಾವಿರಕ್ಕೂ ಹೆಚ್ಚು. ನಕಲಿ ಪಾಸ್ ಹಿಡಿದು ಬಂದವರೇ ಅದೆಷ್ಟೋ. ಪ್ಲಂಬರ್‌ಗಳ ಮುಷ್ಕರದಿಂದ ಕೆಲಸ ನಿಂತು, ಶೌಚಾಲಯ ಮುಗಿಸೋದಾ ಕುಡಿಯುವ ನೀರಿನ ನಲ್ಲಿ ಮುಗಿಸೋದಾ ಅಂತಾಯಿತು. ವಾಲ್ಟ್ ಶೌಚಾಲಯ ಅಂದ. ಸರಿಯಾದ ತೀರ್ಮಾನವೇ. ಆದರೆ ಆವತ್ತು ಉರಿಬಿಸಿಲು, ಕೋಲಾ ಮಾರಲಿಕ್ಕೆ ನೀರು ನಿಲ್ಲಿಸಿದ್ದಾರೆ ಅಂತ ಜನ ಬೈದರು. ಮೇನ್ ಸ್ಟ್ರೀಟಿಗೆ ಹಿಂದಿನ ರಾತ್ರಿಯಷ್ಟೇ ಡಾಂಬರು ಹಾಕಿದ್ದರು. ಹೆಂಗಸರ ಚಪ್ಪಲಿಯ ಹಿಮ್ಮಡಿ ಅದರೊಳಗೆ ಹೂತುಕೊಂಡಿತು. ಇದೆಲ್ಲದರ ನಡುವೆ ನೇರಪ್ರಸಾರ. ನಿರೂಪಕರು ಮೂವರು, ಅವರಲ್ಲೊಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಇಷ್ಟಾದರೂ ಸೆಪ್ಟೆಂಬರ್ ಮುಗಿಯುವ ಮೊದಲೇ ಬಂದವರ ಸಂಖ್ಯೆ 10 ಲಕ್ಷ ದಾಟಿತು.

ಮಾಡೆಲ್ ಈಗ ವರ್ಕ್‌ಶಾಪಿನ ಮುಂದಿನ ಕೋಣೆಯಲ್ಲಿದೆ. ಮಧ್ಯೆ ಒಬ್ಬ ಗಿರಾಕಿ ಬಂದು ಸುತ್ತ ಎರಡು ಸುತ್ತು ಹಾಕಿ, "ಎಲ್ಲ ಸರಿ, ಪಾರ್ಕಿಂಗ್ ಎಲ್ರೀ?" ಅಂದರು. ಬಿಲ್ಡರ್ ಕಣ್ಣು! ಪಾರ್ಕಿಂಗ್ ಸುಮಾರು 100 ಎಕರೆ ಇತ್ತು, ಪಾರ್ಕಿಗಿಂತ ದೊಡ್ಡದು. ಹನ್ನೆರಡು ಸಾವಿರ ಕಾರು ನಿಲ್ಲುವಷ್ಟು. ಅದನ್ನು ಮಾಡಿದರೆ ಇನ್ನೂ ಎರಡು ಪ್ಲೈವುಡ್ ಹಾಳೆ ಬೇಕು, ಕೋಣೆಯಲ್ಲಿ ಜಾಗ ಇಲ್ಲ ಅಂದೆ. ಅವರು ಬಿಡದೆ ಎಕರೆಗೆ ಎಷ್ಟು ಕಾರು ಅಂತ ಲೆಕ್ಕ ಕೇಳಿಕೊಂಡು ಹೋದರು.

ಮಕ್ಕಳು ಬಂದರೆ ಬೇರೆ ಪ್ರಶ್ನೆ. ಆ ಹಿಮದ ಬೆಟ್ಟ ಎಲ್ಲಿ ಅಂತ ಕೇಳುತ್ತಾರೆ. ಮ್ಯಾಟರ್‌ಹಾರ್ನ್ ಅನ್ನುವ ಆ ಬೆಟ್ಟ ಬಂದದ್ದು 1959ರಲ್ಲಿ. ಅರಮನೆಯ ಕಂದಕ ತೋಡಿದ ಮಣ್ಣು ರಾಶಿಯಾಗಿ ಬಿದ್ದಿದ್ದ ಜಾಗ ಅದು. ಅದಕ್ಕೊಂದು ಚೆಂದದ ಹೆಸರಿಟ್ಟು ಗುಡ್ಡ ಅಂತ ಕರೆದು ಬಿಟ್ಟಿದ್ದರು. ಆಮೇಲೆ ಅಲ್ಲೇ 147 ಅಡಿಯ ಬೆಟ್ಟ ಎಬ್ಬಿಸಿ, ಒಳಗೆ ಆ್ಯರೋ ಅನ್ನುವ ಕಂಪನಿಯಿಂದ ಉಕ್ಕಿನ ಕೊಳವೆಯ ಹಳಿ ಹಾಕಿಸಿದರು. ಅಂಥ ಹಳಿಯ ಮೊದಲ ರೋಲರ್ ಕೋಸ್ಟರ್ ಅದು. ನನ್ನ ಮಾಡೆಲ್‌ನಲ್ಲಿ ಸದ್ಯ ಆ ಮಣ್ಣಿನ ರಾಶಿಯೇ ಇದೆ. ಮಕ್ಕಳಿಗೋಸ್ಕರ ಅದರ ಮೇಲೆ ಕೂರಿಸಿ ತೆಗೆಯುವ ಹಾಗೆ ಒಂದು ಬೆಟ್ಟ ಮಾಡುತ್ತಿದ್ದೇನೆ. ಹದಿನೈದು ಸೆಂಟಿಮೀಟರ್, ಥರ್ಮಾಕೋಲ್, ಮೇಲೆ ಪಿಓಪಿ. ಹಳಿಗೆ ಗಿಟಾರ್ ತಂತಿ ಆಗುತ್ತಾ ನೋಡಬೇಕು. ತಾಮ್ರ ಆ ತಿರುವಿನಲ್ಲಿ ನಿಲ್ಲುತ್ತಿಲ್ಲ.